ಹಣ ಮರಳುತ್ತದೆ, ಸೀಟು?

ಸಿಇಟಿ ಸೀಟು ಹಂಚಿಕೆ ಆನ್‌ಲೈನಿಗೆ ಬಂದಮೇಲೆ ಬೆಂಗಳೂರಿನ ಕೌನ್ಸೆಲಿಂಗ್ ಕೇಂದ್ರದ ಮುಂದಿನ ಸಾಲು ಕರಗಿತು. ಆ ಸಾಲು ಈಗ ತಾಲ್ಲೂಕು ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿನಲ್ಲಿದೆ. ತಾಯ್ನಾಡಿನ ‘ಡಿಜಿಟಲ್ ಕ್ರಾಂತಿ’ಗೆ ದೂರದಿಂದ ಚಪ್ಪಾಳೆ ತಟ್ಟುವ ಅನಿವಾಸಿ ಕನ್ನಡಿಗರಲ್ಲಿ ಎಷ್ಟೋ ಮಂದಿ ಇದೇ ಸಿಇಟಿ ಸೀಟಿನ ಬಲದಿಂದ ವಿಮಾನ ಹತ್ತಿದವರು. ಈ ಎರಡನೆಯ ಸಾಲು ಅವರ ಕಣ್ಣಿಗೆ ಬೀಳುವುದಿಲ್ಲ.

ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ, 371 ಜೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ: ಪರೀಕ್ಷಾ ಪ್ರಾಧಿಕಾರದ ಅರ್ಜಿಯಲ್ಲಿ ಒಂದೊಂದು ಖಾನೆಯೂ ಒಂದೊಂದು ಹಕ್ಕು. ಅವನ್ನು ತುಂಬುವವನು ಸೆಂಟರಿನ ಹುಡುಗ. ಹೊರಗೆ ಜನ ಕಾದಿದ್ದಾರೆ, ಅವನಿಗೆ ಅವಸರ. ಒಟಿಪಿಗೆ ತನ್ನದೇ ಮೊಬೈಲ್ ಸಂಖ್ಯೆ ಹಾಕಿಬಿಡುವುದೂ ಉಂಟು. ಒಂದು ಖಾನೆ ತಪ್ಪಿದರೆ ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಕಲಿತ ಹುಡುಗಿ ಕಡತದಲ್ಲಿ ಪಟ್ಟಣದವಳಾಗುತ್ತಾಳೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರಿಗೆ ಶೇ 5ರಷ್ಟು ಸೀಟು ಕಾದಿರಿಸಿದ ಸರ್ಕಾರ, ಅದನ್ನು ಕೇಳಿ ಪಡೆಯುವ ನಮೂನೆಯನ್ನು ಬಹುಪಾಲು ಇಂಗ್ಲಿಷಿನಲ್ಲಿ ಮುಂದಿಡುತ್ತದೆ. ಇದಕ್ಕಿಂತ ಕ್ರೂರವಾದ ಹಾಸ್ಯ ಬೇರೆ ಬೇಕೆ?

ಆರ್‌ಡಿ ಸಂಖ್ಯೆಯನ್ನು ಗಣಕವೇ ತಾಳೆ ನೋಡುವುದು ಸುಧಾರಣೆಯೇ ಸರಿ. ಆದರೆ ತಂದೆಯ ಹೆಸರು ಅಂಕಪಟ್ಟಿಯಲ್ಲಿ ಇನಿಷಿಯಲ್ಲಾಗಿಯೂ ಪ್ರಮಾಣಪತ್ರದಲ್ಲಿ ಪೂರ್ಣವಾಗಿಯೂ ಇದ್ದರೆ? ಎರಡನ್ನೂ ಬರೆದದ್ದು ಸರ್ಕಾರಿ ಕಚೇರಿಗಳೇ. ತಿದ್ದಿಸಲು ನಾಡಕಚೇರಿಗೆ ಅಲೆಯುವವಳು ಮಾತ್ರ ಆ ಹುಡುಗಿಯ ತಾಯಿ, ದಿನದ ಕೂಲಿ ಬಿಟ್ಟು.

ಇನ್ನು ಶುಲ್ಕ. ಖಾತೆಯಿಂದ ಹಣ ಕಡಿತವಾಗುತ್ತದೆ, ಪರದೆಯ ಮೇಲೆ ‘ಪಾವತಿ ವಿಫಲ’ ಎಂದು ಮೂಡುತ್ತದೆ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯ ಪ್ರಕಾರ, ವ್ಯಾಪಾರಿಗೆ ಯುಪಿಐ ಮೂಲಕ ಸಂದಾಯ ಮಾಡಿದ ಹಣ ದೃಢಪಡದಿದ್ದರೆ 5 ದಿನಗಳೊಳಗೆ ಮರಳಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಸೀರೆ ಕೊಳ್ಳುವವರಿಗೆ ಇಷ್ಟು ರಕ್ಷಣೆ ಸಾಕು. ಶುಲ್ಕ ಕಟ್ಟಲು ನಾಳೆಯೇ ಕೊನೆಯ ದಿನವಾದವರಿಗೆ ಐದು ದಿನದ ಮೇಲೆ ಮರಳುವ ಹಣದಿಂದ ಏನು ಪ್ರಯೋಜನ? ಉಳ್ಳವರ ಮಗನ ಜೇಬಿನಲ್ಲಿ ಇನ್ನೊಂದು ಕಾರ್ಡ್ ಇರುತ್ತದೆ. ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿದವಳು ಇನ್ನೊಂದು ಸಾಲಕ್ಕೆ ಕೈಚಾಚಬೇಕು.

ಇದು ಬಡ ನಾಡಿನ ತಾಂತ್ರಿಕ ಕೊರತೆಯೆಂದು ತಳ್ಳಿಹಾಕುವವರು ಅಮೆರಿಕದ ‘ಫಾಫ್ಸಾ’ ಅರ್ಜಿಯನ್ನು ನೆನೆಯಲಿ. ಕಾಲೇಜು ನೆರವು ಕೋರುವ ಆ ನಮೂನೆಯನ್ನು ಸರಳಗೊಳಿಸುವ ಹೆಸರಿನಲ್ಲಿ 2023ರ ಡಿಸೆಂಬರ್ ಕೊನೆಯಲ್ಲಿ, ವಾಡಿಕೆಗಿಂತ ಸುಮಾರು ಮೂರು ತಿಂಗಳು ತಡವಾಗಿ, ಹೊಸದನ್ನು ತೆರೆದರು. ಅದರಲ್ಲಿ ಮೊದಲು ಸಿಕ್ಕಿಬಿದ್ದವರಲ್ಲಿ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯಿಲ್ಲದ ವಲಸಿಗರ ಮಕ್ಕಳಿದ್ದರು. ಯಂತ್ರ ಎಲ್ಲಿ ಕೆಟ್ಟರೂ ಏಟು ಯಾರಿಗೆ ಬೀಳುತ್ತದೆಂಬುದು ಆಕಸ್ಮಿಕವಲ್ಲ.

ಪರಿಹಾರಕ್ಕೆ ಹೊಸ ಆ್ಯಪ್ ಬೇಕಿಲ್ಲ. ಹಣ ಕಡಿತವಾದ ಗಳಿಗೆಯನ್ನೇ ಪಾವತಿಯ ಗಳಿಗೆಯೆಂದು ಎಣಿಸಿ ಸೀಟನ್ನು ಹಿಡಿದಿಡಬೇಕು. ಲೆಕ್ಕ ತಾಳೆ ಮಾಡುವ ಹೊಣೆ ಬ್ಯಾಂಕು ಮತ್ತು ಪ್ರಾಧಿಕಾರದ್ದಾಗಬೇಕು. ಹೆಸರಿನ ವ್ಯತ್ಯಾಸವನ್ನು ಇಲಾಖೆಗಳೇ ಪರಸ್ಪರ ಸರಿಪಡಿಸಿಕೊಳ್ಳಬೇಕು. ಸಲ್ಲಿಕೆಗೆ ಮುನ್ನ, ಯಾವ ಮೀಸಲಾತಿ ಕೇಳಲಾಗಿದೆ, ಯಾವುದನ್ನು ಕೇಳಿಲ್ಲ ಎಂಬುದನ್ನು ಅಭ್ಯರ್ಥಿಯ ಕೈಗೆ ಕನ್ನಡದಲ್ಲಿ ಅಚ್ಚುಮಾಡಿ ಕೊಡಬೇಕು.

ಕೊನೆಯ ದಿನದವರೆಗೂ ಕಾಯುವುದೇಕೆ ಎಂದು ಕೇಳುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಸಂಘದ ಸಾಲ ಕೈಗೆ ಬರುವುದು ಸಂಘದ ಸಭೆ ಸೇರಿದ ದಿನ.