ಇಂಗ್ಲಿಷ್ ಬೋಧನೆಯ ರಾಜಕಾರಣ: ಮಕೆರೆರೆಯ ಐದು ಸೂತ್ರಗಳು ಮತ್ತು ಕನ್ನಡದ ಮೌನ

ಕನ್ನಡದಲ್ಲಿ ಇಂಗ್ಲಿಷ್ ಕುರಿತ ಚರ್ಚೆ ಸಾಮಾನ್ಯವಾಗಿ ಮೆಕಾಲೆಯ 1835ರ ಟಿಪ್ಪಣಿಯಿಂದ ಆರಂಭವಾಗಿ ಶಿಕ್ಷಣ ಮಾಧ್ಯಮದ ಪ್ರಶ್ನೆಯಲ್ಲಿ ಕೊನೆಗೊಳ್ಳುತ್ತದೆ. ಇವೆರಡರ ನಡುವೆ ಇರುವ ಒಂದು ಸಂಗತಿ, ಅಂದರೆ ಇಂಗ್ಲಿಷನ್ನು ಕಲಿಸುವ ವಿಧಾನದಲ್ಲಿಯೇ ಒಂದು ರಾಜಕಾರಣವಿದೆ ಎಂಬುದು, ಕನ್ನಡ ವಿದ್ವತ್ತಿನ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಯಾವ ಮಾಧ್ಯಮ ಎಂದು ಕೇಳಿದವರು ಬಹಳ. ಇಂಗ್ಲಿಷ್ ತರಗತಿಯೊಳಗೆ ಮಗುವಿನ ಮನೆಮಾತಿಗೆ ಯಾವ ಸ್ಥಾನ ಎಂದು ಕೇಳಿದವರು ವಿರಳ.

ಈ ಎರಡನೆಯ ಪ್ರಶ್ನೆಗೆ ಜಾಗತಿಕ ಮಟ್ಟದ ಉತ್ತರವೊಂದು ರೂಪುಗೊಂಡದ್ದು 1961ರಲ್ಲಿ, ಉಗಾಂಡಾದ ಮಕೆರೆರೆ ಕಾಲೇಜಿನಲ್ಲಿ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವುದನ್ನು ಕುರಿತು ಕಾಮನ್‌ವೆಲ್ತ್ ರಾಷ್ಟ್ರಗಳ ಸಮ್ಮೇಳನ ಅಲ್ಲಿ ನಡೆಯಿತು. ಉಗಾಂಡಾ ಸ್ವತಂತ್ರವಾಗಲು ಇನ್ನೂ ಒಂದು ವರ್ಷಕ್ಕೂ ಹೆಚ್ಚಿನ ಕಾಲವಿತ್ತು. ಆಳುವವರು ಹೊರಡುವ ಮುನ್ನವೇ ಅವರ ಭಾಷೆ ಹೇಗೆ ಉಳಿಯಬೇಕೆಂಬ ಸಿದ್ಧತೆ ನಡೆದಿತ್ತು ಎನ್ನಲು ಅಡ್ಡಿಯಿಲ್ಲ. ಆ ಸಮ್ಮೇಳನದ ವರದಿಯನ್ನು ಪರಿಶೀಲಿಸಿದ ರಾಬರ್ಟ್ ಫಿಲಿಪ್ಸನ್, 'ಭಾಷಿಕ ಸಾಮ್ರಾಜ್ಯಶಾಹಿ'ಯನ್ನು ಕುರಿತ ತಮ್ಮ 1992ರ ಗ್ರಂಥದಲ್ಲಿ ಅದರ ನಂಬಿಕೆಗಳನ್ನು ಐದು ಸೂತ್ರಗಳಾಗಿ ಗುರುತಿಸಿದರು. ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಸಬೇಕು. ಅದು ಮಾತೃಭಾಷೆಯಾಗಿರುವವರೇ ಆದರ್ಶ ಶಿಕ್ಷಕರು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. ಎಷ್ಟು ಹೆಚ್ಚು ಕಲಿಸಿದರೆ ಅಷ್ಟು ಒಳ್ಳೆಯದು. ಇತರ ಭಾಷೆಗಳ ಬಳಕೆ ಹೆಚ್ಚಿದರೆ ಇಂಗ್ಲಿಷಿನ ಮಟ್ಟ ಕುಸಿಯುತ್ತದೆ. ಫಿಲಿಪ್ಸನ್ ಈ ಐದನ್ನೂ ಭ್ರಮೆಗಳೆಂದೇ ಕರೆದರು. ಮಗುವಿನ ಕಲಿಕೆಗೆ ಮಾತೃಭಾಷೆಯೇ ಉತ್ತಮ ಮಾಧ್ಯಮವೆಂದು ಯುನೆಸ್ಕೋ 1953ರಲ್ಲಿಯೇ ಹೇಳಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಈ ಸೂತ್ರಗಳನ್ನು ಒಂದು ಪಿತೂರಿಯೆಂದು ಭಾವಿಸುವ ಅಗತ್ಯವಿಲ್ಲ. ಆದರೆ ಅವುಗಳಿಂದ ಲಾಭವಾಗುವುದು ಯಾರಿಗೆ ಎಂಬುದು ಸ್ಪಷ್ಟ. ಮನೆಮಾತು ತರಗತಿಯಿಂದ ಹೊರಗುಳಿದರೆ ಸ್ಥಳೀಯ ಶಿಕ್ಷಕನಿಗಿರುವ ದೊಡ್ಡ ಅರ್ಹತೆಯೇ, ಅಂದರೆ ಮಕ್ಕಳ ಭಾಷೆಯ ಬಲ್ಮೆಯೇ, ದೋಷವಾಗಿಬಿಡುತ್ತದೆ. ಪಠ್ಯಪುಸ್ತಕ, ಪರೀಕ್ಷೆ, ತಜ್ಞ, ತರಬೇತಿ ಎಲ್ಲವೂ ಲಂಡನ್ನಿನಿಂದಲೋ ಕೇಂಬ್ರಿಜ್‌ನಿಂದಲೋ ಬರಬೇಕಾಗುತ್ತದೆ. ದಕ್ಷಿಣ ಕೊರಿಯಾ ವಿದೇಶಿ ಇಂಗ್ಲಿಷ್ ಬೋಧಕರಿಗೆ ನೀಡುವ ವೀಸಾವನ್ನು ಮುಖ್ಯವಾಗಿ ಏಳು ದೇಶಗಳ ನಾಗರಿಕರಿಗೆ ಸೀಮಿತಗೊಳಿಸಿದ್ದು ಎರಡನೆಯ ಸೂತ್ರದ ಕಾನೂನು ರೂಪವಲ್ಲದೆ ಬೇರೇನಲ್ಲ. ಅಲ್ಲಿ ಪಾಸ್‌ಪೋರ್ಟೇ ಬೋಧನೆಯ ಯೋಗ್ಯತೆ.

ಸೂತ್ರಗಳನ್ನು ಪ್ರಭುತ್ವ ಅವಸರದಿಂದ ಜಾರಿಗೆ ತಂದರೆ ಏನಾಗುತ್ತದೆ ಎಂಬುದಕ್ಕೆ ರುವಾಂಡಾ ನಿದರ್ಶನ. ಹೆಚ್ಚುಕಡಿಮೆ ಇಡೀ ಜನಸಮುದಾಯ ಕಿನ್ಯಾರುವಾಂಡಾ ಎಂಬ ಒಂದೇ ಭಾಷೆಯನ್ನಾಡುವ ದೇಶವದು. ಆಫ್ರಿಕಾದಲ್ಲಿ ಸಾಮಾನ್ಯವಾಗಿ ಮುಂದೊಡ್ಡುವ ಬಹುಭಾಷಿಕತೆಯ ನೆಪ ಅಲ್ಲಿ ಇರಲಿಲ್ಲ. ಆದರೂ 2008ರಲ್ಲಿ ಸರ್ಕಾರವು ಶಿಕ್ಷಣ ಮಾಧ್ಯಮವನ್ನು ಇಂಗ್ಲಿಷಿಗೆ ಬದಲಾಯಿಸಲು ನಿರ್ಧರಿಸಿತು. ಮರುವರ್ಷ ಕಾಮನ್‌ವೆಲ್ತ್ ಸೇರಿತು. ಬಹುಪಾಲು ಶಿಕ್ಷಕರು ಫ್ರೆಂಚ್‌ನಲ್ಲಿ ತರಬೇತಿ ಪಡೆದವರು. ತಾವೇ ಅರಿಯದ ಭಾಷೆಯಲ್ಲಿ ಗಣಿತ, ವಿಜ್ಞಾನ ಬೋಧಿಸುವ ಹೊಣೆ ಅವರ ಮೇಲೆ ಬಿತ್ತು. 2011ರಲ್ಲಿ ಮೊದಲ ಮೂರು ತರಗತಿಗಳಿಗೆ ಕಿನ್ಯಾರುವಾಂಡಾ ಮರಳಿತು. 2019ರ ಕೊನೆಗೆ ಅಲ್ಲಿಯೂ ಇಂಗ್ಲಿಷ್ ಎಂದು ಮತ್ತೆ ಪ್ರಕಟಿಸಲಾಯಿತು. ಈ ಹನ್ನೊಂದು ವರ್ಷಗಳ ಹೊಯ್ದಾಟದ ಬೆಲೆ ತೆತ್ತವರು ಮಂತ್ರಿಗಳಲ್ಲ.

ಅದೇ ಮಕೆರೆರೆಯಲ್ಲಿ 1962ರಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕನ್ ಲೇಖಕರ ಸಮ್ಮೇಳನವೂ ಸೇರಿತು. ಆಗ ಅಲ್ಲಿ ವಿದ್ಯಾರ್ಥಿಯಾಗಿದ್ದ ಗೂಗಿ ವಾ ಥಿಯಾಂಗೊ, ಆಫ್ರಿಕನ್ ಭಾಷೆಗಳಲ್ಲಿ ಬರೆಯುವವರನ್ನು ಹೊರಗಿಟ್ಟ ಆ ಸಮ್ಮೇಳನದ ಸ್ವರೂಪವನ್ನೇ 1986ರಲ್ಲಿ ಪ್ರಶ್ನಿಸಿದರು. ಕನ್ನಡ ವಿಮರ್ಶೆ ಗೂಗಿಯನ್ನು ಸಾಕಷ್ಟು ಚರ್ಚಿಸಿದೆ, ಆದರೆ ಸಾಹಿತಿಗಳ ಈ ಸಮ್ಮೇಳನಕ್ಕೆ ಸಿಕ್ಕ ಗಮನ ಅದಕ್ಕೆ ಒಂದು ವರ್ಷ ಹಿಂದೆ ನಡೆದ ಶಿಕ್ಷಣತಜ್ಞರ ಸಮ್ಮೇಳನಕ್ಕೆ ಸಿಗಲಿಲ್ಲ. ತರಗತಿಯ ಕೋಣೆಗಳನ್ನು ಆಳಿದ್ದು ಮಾತ್ರ ಎರಡನೆಯದು.

ಫಿಲಿಪ್ಸನ್ ವಾದಕ್ಕೆ ಆಕ್ಷೇಪಗಳೂ ಬಂದಿವೆ. ನೈಜೀರಿಯಾದ ಜೋಸೆಫ್ ಬಿಸಾಂಗ್ 1995ರಲ್ಲಿ, ತಮ್ಮ ಜನ ಇಂಗ್ಲಿಷನ್ನು ಮೋಸಹೋಗಿ ಅಲ್ಲ, ತಿಳಿದೇ ಆಯ್ದುಕೊಂಡಿದ್ದಾರೆಂದು ವಾದಿಸಿದರು. ಜಾಫ್ನಾದ ಅನುಭವವನ್ನಾಧರಿಸಿ ಸುರೇಶ್ ಕನಗರಾಜಾ 1999ರಲ್ಲಿ ತೋರಿಸಿದ್ದು ಇನ್ನೂ ಸೂಕ್ಷ್ಮವಾದದ್ದು: ತಮಿಳು ವಿದ್ಯಾರ್ಥಿಗಳೂ ಶಿಕ್ಷಕರೂ ಹೊರಗಿನಿಂದ ಬಂದ ಪಠ್ಯವನ್ನು ತಮ್ಮ ಅಗತ್ಯಕ್ಕೆ ಬಗ್ಗಿಸಿಕೊಳ್ಳುತ್ತಾರೆ. ಭಾರತದಲ್ಲಿ ಈ ಆಕ್ಷೇಪಕ್ಕೆ ಜಾತಿಯ ಆಯಾಮವೂ ಇದೆ. ಸಾವಿತ್ರಿಬಾಯಿ ಫುಲೆಯವರು 1854ರ ತಮ್ಮ ಕವನಗಳಲ್ಲಿಯೇ ಇಂಗ್ಲಿಷ್ ಕಲಿಕೆಗೆ ಕರೆ ನೀಡಿದ್ದರು. ತನ್ನದೇ ನಾಡಿನ ಭಾಷೆಯ ವಿದ್ಯೆಯಿಂದ ದೂರವಿಡಲ್ಪಟ್ಟವರಿಗೆ ಆ ಭಾಷೆಯ ಅಭಿಮಾನವನ್ನು ಬೋಧಿಸುವ ನೈತಿಕ ಅಧಿಕಾರ ಯಾರಿಗೂ ಇಲ್ಲ. ಆದರೆ ಈ ವಾದಗಳು ಸಮರ್ಥಿಸುವುದು ಇಂಗ್ಲಿಷನ್ನು, ಮಕೆರೆರೆಯ ಸೂತ್ರಗಳನ್ನಲ್ಲ. ದಲಿತ ಮಗುವಿಗೆ ಇಂಗ್ಲಿಷ್ ಬೇಕು ಎಂಬುದಕ್ಕೂ ಅದರ ಮನೆಮಾತಿಗೆ ಶಾಲೆಯಲ್ಲಿ ದಂಡ ಬೀಳಬೇಕು ಎಂಬುದಕ್ಕೂ ಸಂಬಂಧವಿಲ್ಲ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರುವುದು ವ್ಯಾಪಾರ.

ಕರ್ನಾಟಕಕ್ಕೆ ಈ ಚರಿತ್ರೆ ಹೊರಗಿನದಲ್ಲ. ಕನ್ನಡಕ್ಕೆ ಅಗ್ರಸ್ಥಾನ ಕೇಳಿದ ವರದಿಯ ಕರ್ತೃ ವಿ.ಕೃ. ಗೋಕಾಕರು ಅದಕ್ಕೂ ಮೊದಲು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ 'ಬೆಂಗಳೂರು ಯೋಜನೆ' ಇಂದು ಜಗತ್ತಿನಾದ್ಯಂತ ಕಾರ್ಯಾಧಾರಿತ ಬೋಧನೆಯ ಮೂಲಪ್ರಯೋಗಗಳಲ್ಲಿ ಒಂದೆಂದು ಗಣಿತವಾಗಿದೆ. ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದುಕೊಂಡೇ ಅವರು ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳ ತರಗತಿಗಳಿಂದ ಸಿದ್ಧಾಂತವನ್ನು ಕಟ್ಟಿದರು. ಜ್ಞಾನ ಯಾವಾಗಲೂ ಲಂಡನ್ನಿನಿಂದಲೇ ಹರಿಯಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಆದರೆ ಕನ್ನಡ ವಿಭಾಗಗಳ ಎಷ್ಟು ಪಠ್ಯಕ್ರಮಗಳಲ್ಲಿ ಪ್ರಭು ಅವರ ಹೆಸರಿದೆ?

2007-08ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಒಂದನೆಯ ತರಗತಿಗೆ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸುವಂತಿಲ್ಲವೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಪ್ರತಿ ಹಂತದಲ್ಲಿಯೂ ಕನ್ನಡ ವಿದ್ವಾಂಸರು ಮಾಧ್ಯಮದ ಬಗ್ಗೆ ಮಾತನಾಡಿದರು. ಇಂಗ್ಲಿಷ್ ತರಗತಿಯೊಳಗೆ ನಡೆಯುವುದನ್ನು ಇಂಗ್ಲಿಷ್ ತಜ್ಞರಿಗೆ ಬಿಟ್ಟುಕೊಟ್ಟರು. ಹೀಗಾಗಿ ವಿರೋಧಿಸಿದವರೂ ಬೆಂಬಲಿಸಿದವರೂ ಒಟ್ಟಾಗಿಯೇ ಮೊದಲನೆಯ ಮತ್ತು ಐದನೆಯ ಸೂತ್ರಗಳನ್ನು ಒಪ್ಪಿಕೊಂಡಂತಾಯಿತು.

ಇದು ಕನ್ನಡ ವ್ಯಾಕರಣಜ್ಞರು ಪ್ರವೇಶಿಸಬೇಕಾದ ಕ್ಷೇತ್ರ. 'ನನಗೆ ಹಸಿವಾಗಿದೆ' ಎನ್ನುವ ಮಗುವಿಗೆ ಇಂಗ್ಲಿಷಿನಲ್ಲಿ ಹಸಿದವನೇ ಕರ್ತೃವಾಗುವುದು ವಿಚಿತ್ರವಾಗಿಯೇ ಕಾಣುತ್ತದೆ. ಕನ್ನಡದ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನ 'ಎ', 'ದಿ'ಗಳಂಥ ಪದಗಳು ಕನ್ನಡದಲ್ಲಿಲ್ಲ. ಮಗು ಎಡವುವ ಎಷ್ಟೋ ಜಾಗಗಳು ಕನ್ನಡದ ರಚನೆಯನ್ನು ಬಲ್ಲವನಿಗೆ ಮೊದಲೇ ಗೋಚರಿಸುತ್ತವೆ. ಬಲ್ಲದವನಿಗೆ ಅವು ಬರೀ ತಪ್ಪುಗಳು. ಆ ಜಾಗಗಳನ್ನು ಗುರುತಿಸಿ, ಹಳ್ಳಿಯ ಶಾಲೆಯ ಶಿಕ್ಷಕಿಯ ಕೈಗೆ ಕೊಡಬಹುದಾದ ಪುಸ್ತಕವನ್ನು ಬರೆಯುವ ಕೆಲಸ ಕನ್ನಡ ವಿಭಾಗದ್ದಲ್ಲವೆಂದಾದರೆ, ಅದು ಇನ್ನಾವ ವಿಭಾಗದ್ದು? ಸದ್ಯಕ್ಕೆ ಆ ಶಿಕ್ಷಕಿ ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿಯೇ ವಿವರಿಸುತ್ತಾಳೆ, ತನಿಖಾಧಿಕಾರಿ ಬಾಗಿಲಿಗೆ ಬಂದೊಡನೆ ನಿಲ್ಲಿಸುತ್ತಾಳೆ.