ಆಳುವವರಿಗೆ ಕಿವಿ ಬೇಕು

ಮುಂದಾಳಾಗಬಯಸುವವನು ಮೊದಲು ಭಾಷಣ ಮಾಡುವುದನ್ನು ಕಲಿಯಬೇಕೆಂದು ಜನರು ಸಾಮಾನ್ಯವಾಗಿ ಭಾವಿಸಿರುವರು. ನಮ್ಮ ಅಭಿಪ್ರಾಯವು ಬೇರೆ. ಅವನು ಮೊದಲು ಕೇಳುವುದನ್ನೂ, ಕೇಳುವಾಗ ತನ್ನ ಮನಸ್ಸು ಯಾವ ಸ್ಥಿತಿಯಲ್ಲಿದೆಯೆಂದು ಅರಿಯುವುದನ್ನೂ ಕಲಿಯತಕ್ಕದ್ದು. ಈ ಎರಡೂ ಇಲ್ಲದೆಡೆ ಎಂತಹ ಅನರ್ಥವು ಸಂಭವಿಸುವುದೆಂಬುದಕ್ಕೆ ಬೀದರ ನಗರವೇ ಸಾಕ್ಷಿ.

ಊರ ನಡುವೆ ನಿಂತಿರುವ ಮದರಸವನ್ನು ನೋಡದ ಬೀದರಿಗನಿಲ್ಲ. ಬಹಮನಿ ರಾಜ್ಯದ ಮಂತ್ರಿ ಮಹಮೂದ ಗವಾನನು ಕಟ್ಟಿಸಿದ ಆ ವಿದ್ಯಾಲಯವು 1472ರಲ್ಲಿ ಪೂರ್ಣವಾಯಿತು. ಪತ್ರಲೇಖನದ ಕಲೆಯನ್ನು ಕುರಿತು ಗ್ರಂಥವನ್ನೇ ರಚಿಸಿದ ವಿದ್ವಾಂಸನವನು. ಅಂಥವನ ಪ್ರಾಣವು 1481ರಲ್ಲಿ ಒಂದು ಕೃತ್ರಿಮ ಪತ್ರದಿಂದಲೇ ಹೋಯಿತು. ಇತಿಹಾಸಕಾರ ಫರಿಷ್ತಾನು ಬರೆದಿರುವಂತೆ, ವಿರೋಧಿಗಳು ಗವಾನನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆಯೊತ್ತಿಸಿದರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಒಕ್ಕಣೆಯನ್ನು ಅದರಲ್ಲಿ ಬರೆದು ಸುಲ್ತಾನ ಮೂರನೆಯ ಮುಹಮ್ಮದ ಶಹನ ಮುಂದಿಟ್ಟರು. ಮುದ್ರೆ ತನ್ನದು, ಪತ್ರ ತನ್ನದಲ್ಲವೆಂದು ವೃದ್ಧ ಮಂತ್ರಿಯು ಅರಿಕೆ ಮಾಡಿಕೊಂಡನು. ಪತ್ರವನ್ನು ತಂದವನಾರು, ಬರೆದ ಕೈ ಯಾರದು ಎಂದು ಕೇಳುವ ವ್ಯವಧಾನವು ಅಮಲಿನಲ್ಲಿಯೂ ಕ್ರೋಧದಲ್ಲಿಯೂ ಇದ್ದ ಸುಲ್ತಾನನಿಗೆ ಇರಲಿಲ್ಲ. ತಲೆ ಉರುಳಿತು. ಸತ್ಯವು ಹೊರಬಿದ್ದ ಮೇಲೆ ಅವನು ಪಶ್ಚಾತ್ತಾಪದಿಂದ ಬೆಂದು ಒಂದು ವರ್ಷದೊಳಗಾಗಿ ಮೃತನಾದನು. ಪಕ್ಷಗಳ ಕಲಹದಿಂದ ಮೊದಲೇ ಸಡಿಲಗೊಂಡಿದ್ದ ರಾಜ್ಯವು ಕೆಲವು ದಶಕಗಳಲ್ಲಿ ಐದು ಹೋಳಾಯಿತು.

ಇದು ಹಳೆಯ ಕಥೆಯೆಂದು ಯಾರೂ ಉದಾಸೀನ ಮಾಡಬೇಕಾಗಿಲ್ಲ. ಇಂದಿನ ಕಚೇರಿಗಳಲ್ಲಿ ತಲೆಗಳು ಉರುಳವು; ಆದರೆ ಮೂಗರ್ಜಿಗಳುಂಟು, ಚಾಡಿಯುಂಟು, ಕೈಯಿಂದ ಕೈಗೆ ಕ್ಷಣಮಾತ್ರದಲ್ಲಿ ಹಾರುವ ಮೊಬೈಲಿನ ಸುಳ್ಳುಗಳುಂಟು. ಬಾಗಿಲ ಬಳಿ ಸದಾ ನಿಂತಿರುವವರ ಮಾತನ್ನಷ್ಟೇ ಕೇಳಿ ಒಬ್ಬ ಗುಮಾಸ್ತನ ಅಥವಾ ಒಬ್ಬ ಶಿಕ್ಷಕನ ಬಾಳನ್ನು ಕೆಡಿಸುವ ಅಧಿಕಾರಿಯು ಮುಹಮ್ಮದ ಶಹನಿಗಿಂತ ಎಷ್ಟರ ಮಟ್ಟಿಗೆ ಭಿನ್ನನು?

ಇದಕ್ಕೆ ಪ್ರತಿಯಾದ ಉದಾಹರಣೆಯೂ ನಮ್ಮ ಸೀಮೆಯಲ್ಲಿಯೇ ಇದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಿಕ್ಷಣಕ್ಕೆ ಆಸ್ಪದವು ದುರ್ಲಭವಾಗಿದ್ದಾಗ, ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಶಾಲೆಯ ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ಇಲ್ಲಿ ಮನೆಮಾತಾಗಿದೆ. ಎಲ್ಲಿ ಮೌನವಾಗಿರಬೇಕು, ಯಾರಿಗೆ ಯಾವುದನ್ನು ಮುಟ್ಟಿಸಬೇಕು ಎಂಬ ವಿವೇಕವು ಅವರಲ್ಲಿತ್ತು. ಹೊರಗಿನ ಹಲಗೆಯ ಮೇಲೆ ಏನು ಕಾಣುತ್ತದೆಂಬ ಅಭಿಮಾನಕ್ಕೆ ಅವರು ಬಲಿಯಾಗಲಿಲ್ಲ. ಒಳಗಿನ ಮಗುವಿಗೆ ಏನು ತಿಳಿಯಿತೆಂಬುದೇ ಅವರಿಗೆ ಮುಖ್ಯವಾಗಿತ್ತು. ತನ್ನ ಹೆಸರಿಗಿಂತ ತನ್ನ ಉದ್ದೇಶವು ದೊಡ್ಡದೆಂದು ಅರಿಯುವುದೇ ಆತ್ಮಜ್ಞಾನದ ಮೊದಲ ಮೆಟ್ಟಿಲಲ್ಲವೆ?

1956ರಲ್ಲಿ ಬೀದರವು ಕನ್ನಡ ರಾಜ್ಯವನ್ನು ಸೇರಿದ ಮೇಲೆ ಕಚೇರಿಗಳ ಫಲಕಗಳೇನೋ ಕನ್ನಡವಾದುವು. ಒಳಗಿನ ಮಾತು ಜನರಿಗೆ ತಿಳಿಯುತ್ತಿದೆಯೆ? ಮಹಾರಾಷ್ಟ್ರ, ತೆಲಂಗಾಣಗಳ ಗಡಿಗೆ ಹೊಂದಿಕೊಂಡ ಔರಾದದಲ್ಲಿ ಮನೆಯಲ್ಲಿ ಮರಾಠಿಯನ್ನೋ ಲಂಬಾಣಿಯನ್ನೋ ಆಡುವ ರೈತರು ಬಹುಮಂದಿ. ‘ಸದರಿ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ’ ಎಂಬ ಹಿಂಬರಹವನ್ನು ಕೈಗೆ ಕೊಟ್ಟರೆ, ಅವನಿಗೆ ಪರಿಹಾರವು ದೊರೆಯಿತೋ ತಪ್ಪಿತೋ ತಿಳಿಯುವುದು ಹೇಗೆ? 2011ರ ಸಕಾಲ ಕಾಯಿದೆಯು ಸೇವೆಗಳಿಗೆ ದಿನಗಳ ಮಿತಿಯನ್ನು ವಿಧಿಸಿದೆ. ಆದರೆ ಕೇಳುವ ಕಿವಿಯನ್ನು ಯಾವ ಕಾಯಿದೆಯೂ ಕೊಡಲಾರದು.

ಆದುದರಿಂದ ಬೀದರ, ಭಾಲ್ಕಿ, ಔರಾದಗಳ ಅಧಿಕಾರಿಗಳಿಗೂ ಜನಪ್ರತಿನಿಧಿಗಳಿಗೂ ನಮ್ಮ ಬಿನ್ನಹವಿಷ್ಟು. ಬಂದವನ ಅಹವಾಲನ್ನು ತಡೆಯದೆ ಪೂರ್ತಿಯಾಗಿ ಕೇಳಿರಿ. ಕೇಳಿದುದನ್ನು ನಿಮ್ಮ ಬಾಯಿಂದ ಒಮ್ಮೆ ಹೇಳಿ, ಹೌದೋ ಅಲ್ಲವೋ ಎಂದು ಅವನನ್ನೇ ವಿಚಾರಿಸಿರಿ. ಕೋಪ ಬಂದ ದಿನ ಯಾರಿಗೂ ಶಿಕ್ಷೆಯ ಆಜ್ಞೆಯನ್ನು ಬರೆಯಬೇಡಿರಿ. ಒಂದು ರಾತ್ರಿ ಕಳೆಯಲಿ. ದೂರು ಬಂದಾಗ ದೂರಿಗೆ ಗುರಿಯಾದವನನ್ನೂ ಕರೆಯಿಸಿರಿ. ಯಾವ ಕೆಲಸವು ಯಾರಿಂದ, ಎಂದಿಗೆ ಆಗುವುದೆಂಬುದನ್ನು ಸರಳವಾದ ಕನ್ನಡದಲ್ಲಿ ಬರೆಯಿರಿ. ಓದಲಾರದವನಿಗೆ ಅವನ ಮಾತಿನಲ್ಲಿ ತಿಳಿಯಹೇಳಿರಿ. ನಿಮ್ಮೆದುರು ‘ಹಾಗಲ್ಲ, ಸ್ವಾಮಿ’ ಎನ್ನುವ ಧೈರ್ಯವುಳ್ಳ ಒಬ್ಬನನ್ನಾದರೂ ಹತ್ತಿರ ಇಟ್ಟುಕೊಳ್ಳಿರಿ. ಸುಲ್ತಾನನ ಪಾಳಯದಲ್ಲಿ ಆ ದಿನ ಅಂತಹ ಒಬ್ಬನ ಮಾತು ನಡೆದಿದ್ದರೆ, ಬಹಮನಿ ರಾಜ್ಯವು ತನ್ನ ಶ್ರೇಷ್ಠ ಮಂತ್ರಿಯನ್ನು ತನ್ನ ಕೈಯಿಂದಲೇ ಕಳೆದುಕೊಳ್ಳುತ್ತಿರಲಿಲ್ಲ.