ಒಬ್ಬರಿಗೆ ಶುಗರ್, ಮನೆಗೆಲ್ಲ ಪಥ್ಯ

ಮನೆಯಲ್ಲಿ ಒಬ್ಬರಿಗೆ ಮಧುಮೇಹ ಇದೆ ಎಂದು ಗೊತ್ತಾದ ದಿನ ಎರಡು ಬಗೆಯ ಪ್ರತಿಕ್ರಿಯೆಗಳು ಕಾಣಸಿಗುತ್ತವೆ. ಕೆಲವರು ಬದುಕೇ ಮುಗಿಯಿತೆಂಬಂತೆ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ. ಇನ್ನು ಕೆಲವರು 'ನನಗೇನಾಗಿದೆ? ಊಟ ಸೇರುತ್ತದೆ, ನಿದ್ದೆ ಬರುತ್ತದೆ' ಎಂದು ರಿಪೋರ್ಟನ್ನು ಬೀರುವಿನಲ್ಲಿಟ್ಟು ಮರೆತುಬಿಡುತ್ತಾರೆ. ಎರಡೂ ಅಪಾಯಕಾರಿ. ಇವೆರಡರ ನಡುವೆ ಒಂದು ದಾರಿಯಿದೆ. ಆದರೆ ಆ ದಾರಿಯಲ್ಲಿ ರೋಗಿಯೊಬ್ಬರೇ ಬಹಳ ದೂರ ನಡೆಯಲಾರರು. ಮನೆಯವರೂ ನೆರೆಹೊರೆಯವರೂ ಜೊತೆಗೂಡಬೇಕು. ಅದು ಹೇಗೆ ಎಂಬುದನ್ನು ಈ ಸಲ ನೋಡೋಣ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಆದ್ದರಿಂದ ನಿಮ್ಮ ಮನೆಗೆ ಈ ಕಾಯಿಲೆ ಬಂದಿದ್ದರೆ ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ರಿಪೋರ್ಟು ಏನು ಹೇಳುತ್ತದೆ?

ರಾತ್ರಿಯ ಊಟದ ಬಳಿಕ ಏನೂ ತಿನ್ನದೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷಿಸಿದಾಗ ಸಕ್ಕರೆಯ ಪ್ರಮಾಣ 100 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಅದು ಸಹಜ. 100ರಿಂದ 125ರವರೆಗೆ ಇದ್ದರೆ ಎಚ್ಚರಿಕೆಯ ಗಂಟೆ. 126 ಅಥವಾ ಅದಕ್ಕಿಂತ ಹೆಚ್ಚಿದ್ದು, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಕಂಡರೆ ಅದು ಮಧುಮೇಹ. ಇದರೊಂದಿಗೆ ವೈದ್ಯರು ಎಚ್‌ಬಿಎ1ಸಿ ಎಂಬ ಪರೀಕ್ಷೆಯನ್ನೂ ಬರೆದುಕೊಡುತ್ತಾರೆ. ಇದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಪರೀಕ್ಷೆಯ ಹಿಂದಿನ ದಿನ ಸಿಹಿ ಬಿಟ್ಟು ವೈದ್ಯರನ್ನು ಮೆಚ್ಚಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ! 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದು ಅರ್ಥ. ಚಿಕಿತ್ಸೆ ಆರಂಭಿಸಿದ ನಂತರ ಹೆಚ್ಚಿನವರಿಗೆ 7ರ ಒಳಗೆ ಇಟ್ಟುಕೊಳ್ಳುವ ಗುರಿ ಕೊಡಲಾಗುತ್ತದೆ.

'ಈಗ ತೊಂದರೆಯಿಲ್ಲವಲ್ಲ, ಮುಂದೆ ನೋಡೋಣ' ಎನ್ನುವವರು ಒಂದು ವಿಷಯ ತಿಳಿದಿರಬೇಕು. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನ, ಹೊಸದಾಗಿ ಮಧುಮೇಹ ಪತ್ತೆಯಾದ 5,102 ಮಂದಿಯನ್ನು ಸೇರಿಸಿಕೊಂಡಿತು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣು, ಮೂತ್ರಪಿಂಡಗಳಂತಹ ಅಂಗಗಳ ಸೂಕ್ಷ್ಮ ರಕ್ತನಾಳಗಳಿಗಾಗುವ ಹಾನಿ ಶೇ. 25ರಷ್ಟು ಕಡಿಮೆಯಾಗಿತ್ತು ಎಂದು 1998ರಲ್ಲಿ ತಿಳಿದುಬಂತು. ಹತ್ತು ವರ್ಷಗಳ ನಂತರ, 2008ರಲ್ಲಿ, ಅದೇ ಜನರ ಬಗ್ಗೆ ಮತ್ತೊಂದು ವರದಿ ಬಂತು. ಅಷ್ಟರಲ್ಲಿ ಎರಡೂ ಗುಂಪಿನವರ ಸಕ್ಕರೆ ಪ್ರಮಾಣ ಒಂದೇ ಆಗಿಬಿಟ್ಟಿತ್ತು. ಆದರೂ ಆರಂಭದಲ್ಲಿ ಹತೋಟಿ ಸಾಧಿಸಿದ್ದವರಿಗೆ ಅದರ ಲಾಭ ಮುಂದುವರಿದಿತ್ತು. ಅಂದರೆ ಕಾಯಿಲೆ ಪತ್ತೆಯಾದ ಮೊದಲ ವರ್ಷಗಳಲ್ಲಿ ಪಟ್ಟ ಶ್ರಮ ದಶಕಗಳವರೆಗೆ ಕಾಯುತ್ತದೆ. ನಿರ್ಲಕ್ಷಿಸಿದರೆ ಆ ಅವಕಾಶ ಮತ್ತೆ ಸಿಗುವುದಿಲ್ಲ.

ದಾಸರಹಳ್ಳಿಯ ದಿನಚರಿ

ಪಥ್ಯದ ಪಟ್ಟಿಗಳು ಹೆಚ್ಚಾಗಿ ಹೊತ್ತಿಗೆ ಸರಿಯಾಗಿ ಎದ್ದು, ಹೊತ್ತಿಗೆ ಸರಿಯಾಗಿ ಉಣ್ಣುವವರಿಗಾಗಿ ಬರೆದಂತಿರುತ್ತವೆ. ಆದರೆ ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಟಿ. ದಾಸರಹಳ್ಳಿಯ ಮನೆಗಳನ್ನು ನೋಡಿ. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ. ಒಂದೇ ಮನೆಯಲ್ಲಿ ತಂದೆ ಲೇತ್ ಯಂತ್ರದ ಮುಂದೆ, ಮಗಳು ಗಾರ್ಮೆಂಟ್ಸ್‌ನಲ್ಲಿ, ಮಗ ನೈಟ್ ಶಿಫ್ಟಿನಲ್ಲಿ. ಒಬ್ಬರು ಮಲಗುವ ಹೊತ್ತಿಗೆ ಇನ್ನೊಬ್ಬರು ಏಳುತ್ತಾರೆ. ಇಂತಹ ಮನೆಯಲ್ಲಿ 'ಬೆಳಿಗ್ಗೆ 8ಕ್ಕೆ ತಿಂಡಿ, ಮಧ್ಯಾಹ್ನ 1ಕ್ಕೆ ಊಟ' ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸಿ ಏನು ಪ್ರಯೋಜನ?

ಆದ್ದರಿಂದ ವೈದ್ಯರ ಬಳಿ ಹೋದಾಗ ನಿಮ್ಮ ಶಿಫ್ಟಿನ ಸಮಯವನ್ನು ಮರೆಯದೆ ಹೇಳಿ. ಕೆಲವು ಮಾತ್ರೆಗಳನ್ನು ನುಂಗಿ ಊಟ ತಪ್ಪಿಸಿದರೆ ಸಕ್ಕರೆ ತೀರಾ ಕೆಳಗಿಳಿಯುತ್ತದೆ. ರಾತ್ರಿ ಪಾಳಿಯವರು ಕೆಲಸಕ್ಕೆ ಹೋಗುವ ಮುನ್ನವೇ ಮುಖ್ಯ ಊಟ ಮುಗಿಸುವುದು ಲೇಸು. ನಡುರಾತ್ರಿಯಲ್ಲಿ ನಮ್ಮ ದೇಹವು ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಆಗ ಹಸಿವಾದರೆ ಬೇಯಿಸಿದ ಮೊಟ್ಟೆ, ಹುರಿಗಡಲೆ, ಸೌತೆಕಾಯಿ, ಮಜ್ಜಿಗೆ ಸಾಕು.

ಇನ್ನು ಚಹಾ. ನಿದ್ದೆ ಬಾರದಿರಲೆಂದು ಪಾಳಿಯಲ್ಲಿ ಐದು ಸಲ ಚಹಾ ಕುಡಿಯುವವರಿದ್ದಾರೆ. ಒಂದು ಲೋಟಕ್ಕೆ ಎರಡು ಚಮಚ ಎಂದರೂ ದಿನಕ್ಕೆ ಹತ್ತು ಚಮಚ, ಅಂದರೆ 40ರಿಂದ 50 ಗ್ರಾಂ ಸಕ್ಕರೆ ಹೊಟ್ಟೆ ಸೇರಿತು. 'ನಾನು ಸಿಹಿಯನ್ನೇ ತಿನ್ನುವುದಿಲ್ಲ' ಎನ್ನುವವರೂ ಈ ಲೆಕ್ಕವನ್ನು ಮರೆತಿರುತ್ತಾರೆ.

ಬೇರೆ ಪಾತ್ರೆ ಬೇಡ

ಮನೆಯ ಅಡುಗೆ ನಿಮ್ಮ ಕೈಯಲ್ಲಿದ್ದರೆ ಈ ಮಾತನ್ನು ಗಮನವಿಟ್ಟು ಓದಿ. ಶುಗರ್ ಬಂದವರಿಗೆಂದು ಬೇರೆಯೇ ಪಾತ್ರೆಯಲ್ಲಿ ಉಪ್ಪು ಖಾರವಿಲ್ಲದ ಸಪ್ಪೆ ಅಡುಗೆ ಮಾಡಬೇಡಿ. ಎಲ್ಲರೂ ಬಿರಿಯಾನಿ ತಿನ್ನುವಾಗ ಒಬ್ಬರ ಮುಂದೆ ಮಾತ್ರ ಒಣ ಚಪಾತಿ ಇಟ್ಟರೆ ಅವರು ಒಂದು ವಾರ ಸಹಿಸಿಯಾರು, ಎರಡನೆಯ ವಾರ ಹೋಟೆಲಿಗೆ ಹೋಗಿ ತಿಂದು ಬರುತ್ತಾರೆ. ಕಾಯಿಲೆ ಅವರದು, ಶಿಕ್ಷೆಯೂ ಅವರದೇ ಎಂಬ ಭಾವನೆ ಬೆಳೆಯುತ್ತದೆ. ಕಾಯಿಲೆ ಬಂದಿರುವುದು ಅಡುಗೆ ಮಾಡುವ ತಾಯಿಗೇ ಆದರಂತೂ ಬೇರೆ ಅಡುಗೆಯ ಮಾತೇ ಇಲ್ಲ. ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದ ಅನ್ನವೇ ಆಕೆಯ ಊಟ. ತರಕಾರಿಯೂ ಮಾಂಸದ ತುಂಡುಗಳೂ ಅಷ್ಟರಲ್ಲಿ ಖಾಲಿಯಾಗಿರುತ್ತವೆ.

ಮನೆಯವರೆಲ್ಲರ ತಟ್ಟೆಯೇ ಬದಲಾಗಬೇಕು. ಸುಲಭದ ಅಳತೆ ಇದು: ಅರ್ಧ ತಟ್ಟೆ ತರಕಾರಿ, ಸೊಪ್ಪು, ಪಲ್ಯ. ಕಾಲು ಭಾಗ ಬೇಳೆ, ಕಾಳು, ಮೊಟ್ಟೆ, ಮೀನು ಅಥವಾ ಕೊಬ್ಬು ತೆಗೆದ ಮಾಂಸ. ಉಳಿದ ಕಾಲು ಭಾಗ ಮಾತ್ರ ಅನ್ನ, ಮುದ್ದೆ ಅಥವಾ ಚಪಾತಿ. ಮೊದಲು ತರಕಾರಿ ಮತ್ತು ಸಾಲನ್ ತಿಂದು, ಅನ್ನವನ್ನು ಕೊನೆಗೆ ತಿಂದರೆ ಊಟದ ನಂತರ ಸಕ್ಕರೆ ಏರುವ ವೇಗ ತಗ್ಗುತ್ತದೆ. ಬಿರಿಯಾನಿಯನ್ನು ಬಿಡಲೇಬೇಕೆಂದಿಲ್ಲ. ಒಂದು ಸಣ್ಣ ಬಟ್ಟಲು ಸಾಕು, ಜೊತೆಗೆ ಎರಡು ಪಟ್ಟು ಕಚುಂಬರ್ ಇರಲಿ.

ಕೆಲವು ತಪ್ಪು ತಿಳುವಳಿಕೆಗಳನ್ನೂ ಇಲ್ಲಿ ತಿದ್ದಿಕೊಳ್ಳೋಣ. ರಾಗಿ ಒಳ್ಳೆಯದು ನಿಜ, ಆದರೆ ಅದರಲ್ಲೂ ಪಿಷ್ಟವಿದೆ. ಒಂದು ಸಣ್ಣ ಮುದ್ದೆಗೆ ಸೊಪ್ಪಿನ ಸಾರು ಹೊಂದುತ್ತದೆ, ಮೂರು ಮುದ್ದೆಯಲ್ಲ. ತೆಳುವಾಗಿ ಕುದಿಸಿದ ರಾಗಿ ಗಂಜಿಯಂತೂ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ಅನ್ನ ಬಿಟ್ಟು ಐದು ಚಪಾತಿ ತಿಂದರೆ ಗಳಿಸಿದ್ದೇನೂ ಇಲ್ಲ. ಸಕ್ಕರೆಯ ಬದಲು ಬೆಲ್ಲ, ಜೇನುತುಪ್ಪ ಬಳಸಿದರೂ ರಕ್ತಕ್ಕೆ ಸೇರುವುದು ಸಕ್ಕರೆಯೇ. ಮೆಂತ್ಯ, ಹಾಗಲಕಾಯಿ ಅಡುಗೆಯಲ್ಲಿರಲಿ. ಆದರೆ ಯಾರೋ ಹೇಳಿದರೆಂದು ಕಷಾಯ ಕುಡಿದು ಮಾತ್ರೆ ಬಿಟ್ಟವರು ಕೊನೆಗೆ ಆಸ್ಪತ್ರೆಯ ಹಾಸಿಗೆ ಸೇರಬೇಕಾದೀತು.

'ಊಟದಿಂದಲೇ ಮಧುಮೇಹ ಹಿಂದೆ ಸರಿಯುತ್ತದೆಯೇ?' ಎಂದು ಕೆಲವರು ಕೇಳುತ್ತಾರೆ. ಕೆಲವರಲ್ಲಿ ಸಾಧ್ಯವಿದೆ. ಬ್ರಿಟನ್ನಿನಲ್ಲಿ ನಡೆದು 2017ರ ಕೊನೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಾಯಿಲೆ ಬಂದು ಆರು ವರ್ಷ ಮೀರದವರು ವೈದ್ಯಕೀಯ ನಿಗಾದಲ್ಲಿ ಆಹಾರ ಕಡಿಮೆ ಮಾಡಿ ತೂಕ ಇಳಿಸಿದರು. ಒಂದು ವರ್ಷದ ನಂತರ ಅವರಲ್ಲಿ ಶೇ. 46 ಮಂದಿ ಔಷಧವಿಲ್ಲದೆಯೇ ಹತೋಟಿಯಲ್ಲಿದ್ದರು. ಇದು ಎಲ್ಲರಿಗೂ ಒಗ್ಗುವ ಮಾತಲ್ಲ, ತೂಕ ಮತ್ತೆ ಏರಿದರೆ ಕಾಯಿಲೆಯೂ ಮರಳುತ್ತದೆ. ಆದರೆ ಭರವಸೆಗೆ ಕಾರಣವಿದೆ ಎಂಬುದಂತೂ ನಿಜ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳಿ.

ನಡಿಗೆಗೆ ಜಾಗವೆಲ್ಲಿ?

ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧ ಗಂಟೆಯಂತೆ ಬಿರುಸಿನ ನಡಿಗೆ ಬೇಕು. 'ಫ್ಯಾಕ್ಟರಿಯಲ್ಲಿ ದಿನವಿಡೀ ನಿಂತೇ ಇರುತ್ತೇನಲ್ಲ' ಎನ್ನಬೇಡಿ. ನಿಲ್ಲುವುದು ಬೇರೆ, ನಡೆಯುವುದು ಬೇರೆ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್‌ನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಹಾಗಾಗಿ ಪ್ರತಿ ಊಟದ ನಂತರ ಹತ್ತು ನಿಮಿಷ ನಡೆದರೂ ಲಾಭವುಂಟು. ತುಮಕೂರು ರಸ್ತೆಯ ಧೂಳು, ಲಾರಿಗಳ ನಡುವೆ ನಡೆಯುವುದು ಕಷ್ಟ. ಒಳಗಿನ ಬಡಾವಣೆಯ ಬೀದಿ, ಉದ್ಯಾನ, ಮನೆಯ ಮಹಡಿ ಯಾವುದಾದರೂ ಆದೀತು. 2015ರಿಂದ ಇಲ್ಲಿಯವರೆಗೂ ಮೆಟ್ರೋ ಬರುತ್ತಿದೆ. ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಬಹುದು. ದಾಸರಹಳ್ಳಿಯವರು ವಾರದಲ್ಲಿ ಒಂದೆರಡು ದಿನ ಜಾಲಹಳ್ಳಿ ನಿಲ್ದಾಣದಲ್ಲೇ ಇಳಿದು ಉಳಿದ ದಾರಿಯನ್ನು ನಡೆದೇ ಬರಬಹುದು.

ಬಚ್ಚಿಡಬೇಡಿ, ಜೊತೆ ಹುಡುಕಿ

ನಮ್ಮಲ್ಲಿ ಈ ಕಾಯಿಲೆಯನ್ನು ಬಚ್ಚಿಡುವವರು ಬಹಳ. ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆ, ಹೊರಗೆ ಗೊತ್ತಾಗಬಾರದು ಎಂಬ ಚಿಂತೆ ಒಂದು ಕಡೆ. ಕೆಲಸ ಹೋದೀತೆಂಬ ಭಯ ಇನ್ನೊಂದು ಕಡೆ. ಶೌಚಾಲಯಕ್ಕೆ ಪದೇ ಪದೇ ಹೋಗಬೇಕಾಗುತ್ತದೆಂದು ಕೆಲಸದ ವೇಳೆ ನೀರನ್ನೇ ಕುಡಿಯದ ಮಹಿಳೆಯರಿದ್ದಾರೆ. ಬಚ್ಚಿಡುವುದರ ಬೆಲೆ ದೊಡ್ಡದು. ಯಂತ್ರದ ಮುಂದೆ ನಿಂತಿರುವಾಗ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಗೊಂದಲ ಉಂಟಾಗುತ್ತದೆ. ಪಕ್ಕದಲ್ಲಿರುವವರಿಗೆ ವಿಷಯ ಗೊತ್ತಿದ್ದರೆ ಯಂತ್ರ ನಿಲ್ಲಿಸಿ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿಯಾರು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಗೊತ್ತಿಲ್ಲದವರು ಏನು ಮಾಡಿಯಾರು?

ನಿಮ್ಮ ಬೀದಿಯಲ್ಲೇ ಇದೇ ಕಾಯಿಲೆಯಿರುವ ನಾಲ್ಕೈದು ಮಂದಿ ಇದ್ದೇ ಇರುತ್ತಾರೆ. ಅವರನ್ನು ಸೇರಿಸಿ. ಜಾತಿ ಮತ ಕೇಳಬೇಡಿ, ಶುಗರ್ ಅದನ್ನು ಕೇಳಿ ಬಂದಿಲ್ಲ. ಒಟ್ಟಿಗೆ ನಡೆಯಿರಿ. ವಾರಕ್ಕೊಮ್ಮೆ ಫೋನಿನಲ್ಲಿ 'ಈ ವಾರ ಎಷ್ಟು ಬಂತು? ಮಾತ್ರೆ ತಪ್ಪಿತೇ?' ಎಂದು ಕೇಳಿಕೊಳ್ಳಿ. ಇದು ಬರೀ ಸಮಾಧಾನದ ಮಾತಲ್ಲ. ಅಮೆರಿಕದಲ್ಲಿ 244 ಮಧುಮೇಹಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರಸ್ಪರ ಜೋಡಿಯಾಗಿ ವಾರ ವಾರ ಫೋನಿನಲ್ಲಿ ವಿಚಾರಿಸಿಕೊಂಡವರ ಎಚ್‌ಬಿಎ1ಸಿ ಇಳಿಯಿತು. ನರ್ಸ್‌ಗಳ ನೆರವನ್ನಷ್ಟೇ ಪಡೆದವರದು ಇಳಿಯಲಿಲ್ಲ. ಒಂದು ನಿಯಮ ಮಾತ್ರ ಇರಲಿ: ಗುಂಪಿನಲ್ಲಿ ಅನುಭವ ಹಂಚಿಕೊಳ್ಳಿ, ಮಾತ್ರೆಗಳನ್ನಲ್ಲ. ಅವರ ಔಷಧ ನಿಮ್ಮದಲ್ಲ.

ರಮಝಾನ್ ಮತ್ತು ಮಧುಮೇಹ

ಕಾಯಿಲೆ ಹೊಸದಾಗಿ ಪತ್ತೆಯಾದವರು ರಮಝಾನ್‌ಗೆ ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಂಡು ಉಪವಾಸ ಹಿಡಿಯಬಹುದೇ, ಮಾತ್ರೆಯ ಸಮಯ ಹೇಗೆ ಬದಲಿಸಬೇಕು ಎಂದು ಕೇಳಬೇಕು. ರೋಗಿಗಳಿಗೆ ಕುರ್‌ಆನ್ ರಿಯಾಯಿತಿ ನೀಡಿದೆ. ಉಪವಾಸದ ವೇಳೆ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ಮೀರಿದರೆ ತಕ್ಷಣ ಉಪವಾಸ ಬಿಡಬೇಕೆಂಬುದು ವೈದ್ಯರ ಸಲಹೆ. ಸಹ್ರಿ ತಪ್ಪಿಸಬೇಡಿ. ಇಫ್ತಾರ್‌ನಲ್ಲಿ ಒಂದೆರಡು ಖರ್ಜೂರ, ನೀರು ಸಾಕು. ಶರಬತ್ತು ಮತ್ತು ಕರಿದ ಸಮೋಸ ಇಡೀ ದಿನದ ಸಂಯಮವನ್ನು ಅರ್ಧ ಗಂಟೆಯಲ್ಲಿ ಕೆಡಿಸುತ್ತವೆ.

ವುಝೂವಿನ ಜೊತೆಗೆ ಒಂದು ಒಳ್ಳೆಯ ಅಭ್ಯಾಸವನ್ನೂ ಬೆಳೆಸಿಕೊಳ್ಳಬಹುದು. ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದರೆ ಗಾಯವಾದದ್ದೇ ತಿಳಿಯುವುದಿಲ್ಲ. ಪಾದ ತೊಳೆಯುವಾಗಲೆಲ್ಲ ಅಂಗಾಲನ್ನೂ ಬೆರಳ ಸಂದುಗಳನ್ನೂ ಪರೀಕ್ಷಿಸಿ, ನಂತರ ಬಟ್ಟೆಯಿಂದ ಒರೆಸಿ ಒಣಗಿಸಿ. ದಿನವಿಡೀ ಸೇಫ್ಟಿ ಶೂ ಹಾಕುವವರಿಗೆ ಇದು ಇನ್ನೂ ಮುಖ್ಯ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಬೀಡಿ, ಸಿಗರೇಟು, ಗುಟ್ಕಾ ಇಂದೇ ಬಿಡಿ.

ಖರ್ಚಿಗೆ ಹೆದರಿ ಚಿಕಿತ್ಸೆ ಬಿಡಬೇಕಾಗಿಲ್ಲ. ಇ.ಎಸ್.ಐ. ಇರುವ ಕಾರ್ಮಿಕರಿಗೂ ಅವರ ಕುಟುಂಬದವರಿಗೂ ಅದರಲ್ಲೇ ಔಷಧ ಸಿಗುತ್ತದೆ. ಪೀಣ್ಯದಲ್ಲೇ ಇ.ಎಸ್.ಐ. ಆಸ್ಪತ್ರೆಯಿದೆ. ಉಳಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳೂ ನಮ್ಮ ಕ್ಲಿನಿಕ್‌ಗಳೂ ಇವೆ, ಜನೌಷಧಿ ಮಳಿಗೆಗಳಲ್ಲಿ ಮಾತ್ರೆಗಳ ಬೆಲೆ ಕಡಿಮೆ.

ಬೀರುವಿನಲ್ಲಿ ರಿಪೋರ್ಟೊಂದು ಮಡಚಿಟ್ಟಿದ್ದರೆ ಇಂದು ರಾತ್ರಿ ಊಟಕ್ಕೆ ಮೊದಲು ಅದನ್ನು ಹೊರತೆಗೆದು ಮನೆಯವರೆಲ್ಲರ ಮುಂದೆ ಓದಿ. ಮೂವತ್ತು ದಾಟಿದವರೆಲ್ಲರೂ ತಮ್ಮ ರಕ್ತವನ್ನು ಪರೀಕ್ಷಿಸಿಕೊಳ್ಳಲಿ. ನಂತರ ಎಲ್ಲರೂ ಒಂದೇ ಬಗೆಯ ಊಟ ಮಾಡಿ, ಹತ್ತು ನಿಮಿಷ ಒಟ್ಟಿಗೆ ನಡೆದು ಬನ್ನಿ.